ಹೃದಯ ಕವಾಟದ ಸೋಂಕು: ಒಂದು ಮಾರ್ಗಸೂಚಿಯ ಚರಿತ್ರೆ

ಚರಿತ್ರೆ ಎಂದೊಡನೆ ನಮ್ಮ ನೆನಪಿಗೆ ಬರುವುದು ಅರಸರು, ಶಾಸನಗಳು, ಗಡಿರೇಖೆಗಳು. ಕಾಸರಗೋಡಿನ ಕಡೆಯವರಾದ ನಮಗೆ ಇವುಗಳಲ್ಲಿ ಮೂರನೆಯದು ಸ್ವಲ್ಪ ಹೆಚ್ಚಾಗಿಯೇ ಪರಿಚಿತ. ವೈದ್ಯರು ಬರೆದುಕೊಡುವ ಚೀಟಿಗೂ ಒಂದು ಚರಿತ್ರೆಯುಂಟು ಎಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ಆಲೋಚಿಸುವುದಿಲ್ಲ. ಯಾವ ಮದ್ದು, ಎಷ್ಟು ಪ್ರಮಾಣ, ಎಷ್ಟು ದಿನ, ಅದಕ್ಕೆ ಮೊದಲು ಯಾವ ಪರೀಕ್ಷೆ ಎಂಬ ಒಂದೊಂದು ನಿರ್ಣಯದ ಹಿಂದೆಯೂ ಯಾರೋ ಸೋತದ್ದು, ಯಾರೋ ವಾದಿಸಿದ್ದು, ಯಾರೋ ಕಟ್ಟಳೆ ಮೀರಿದ್ದು ಇದೆ. ಹೃದಯದ ಕವಾಟಕ್ಕೆ ತಗಲುವ ಸೋಂಕನ್ನು ಮುಂದಿಟ್ಟುಕೊಂಡು ಅಂತಹ ಒಂದು ಚರಿತ್ರೆಯನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ. ತಮ್ಮವರೇ ಕೂಡಿ ರೂಪಿಸಿದ ಮಾರ್ಗಸೂಚಿಗಳನ್ನು ವೈದ್ಯರು ಎಷ್ಟರಮಟ್ಟಿಗೆ ಅನುಸರಿಸುತ್ತಾರೆ, ಅನುಸರಿಸದಿದ್ದಾಗ ಏನಾಗುತ್ತದೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಮೊದಲು ರೋಗದ ಪರಿಚಯ. ಹೃದಯದಲ್ಲಿ ನಾಲ್ಕು ಕವಾಟಗಳಿವೆ. ದಿನವೊಂದಕ್ಕೆ ಲಕ್ಷ ಬಾರಿ ತೆರೆದು ಮುಚ್ಚಿ, ರಕ್ತವು ಹಿಂದಕ್ಕೆ ಹರಿಯದಂತೆ ಅವು ಕಾಯುತ್ತವೆ. ಬಾಲ್ಯದಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಕೆಲವರ ಕವಾಟ ದಪ್ಪಗಟ್ಟಿರುತ್ತದೆ; ಕೆಲವರದು ಹುಟ್ಟಿನಿಂದಲೇ ಊನವಾಗಿರುತ್ತದೆ; ಇನ್ನು ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಕೃತಕ ಕವಾಟವನ್ನು ಕೂಡಿಸಿರುತ್ತಾರೆ. ಒಸಡಿನಿಂದಲೋ ಚರ್ಮದ ಗಾಯದಿಂದಲೋ ರಕ್ತವನ್ನು ಸೇರಿದ ಬ್ಯಾಕ್ಟೀರಿಯಾಗಳು ಇಂತಹ ಕವಾಟಗಳ ಮೇಲೆ ನೆಲೆಯೂರಿ, ಹೆಪ್ಪುಗಟ್ಟಿದ ರಕ್ತದ ಎಳೆಗಳ ಮರೆಯಲ್ಲಿ ಸಣ್ಣ ಸಣ್ಣ ಗಂಟುಗಳಾಗಿ ಬೆಳೆಯುತ್ತವೆ. ಇದನ್ನೇ ಎಂಡೋಕಾರ್ಡೈಟಿಸ್ ಎನ್ನುತ್ತಾರೆ. ಗಂಟಿನ ತುಣುಕು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಕವಾಟವೇ ಹರಿದರೆ ಹೃದಯದ ವೈಫಲ್ಯ. ಆದರೆ ಆರಂಭದಲ್ಲಿ ಇವಾವುದರ ಸುಳಿವೂ ಇರುವುದಿಲ್ಲ. ಸಂಜೆಯ ಹೊತ್ತಿಗೆ ಸಣ್ಣ ಜ್ವರ, ರಾತ್ರಿ ಬೆವರು, ಊಟ ಸೇರದಿರುವುದು, ತೂಕ ಇಳಿಯುವುದು. ನಮ್ಮ ಮಳೆಗಾಲದ ಊರುಗಳಲ್ಲಿ ಇಂತಹ ಜ್ವರಕ್ಕೆ ಹತ್ತು ಹೆಸರುಗಳಿವೆ, ಹತ್ತು ಮಾತ್ರೆಗಳೂ ಇವೆ.

ಎಂಡೋಕಾರ್ಡೈಟಿಸ್ ಎಂಬ ಹೆಸರನ್ನು ಬಳಕೆಗೆ ತಂದವನು ಫ್ರಾನ್ಸಿನ ವೈದ್ಯ ಬೂಯೋ, 1830ರ ದಶಕದಲ್ಲಿ. ಇದನ್ನು ಒಂದು ವಿಶಿಷ್ಟ ರೋಗವೆಂದು ವೈದ್ಯಲೋಕಕ್ಕೆ ಮನಗಾಣಿಸಿದ ಕೀರ್ತಿ ವಿಲಿಯಂ ಆಸ್ಲರ್ ಅವರದು. 1885ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಅವರು ನೀಡಿದ ಗಲ್‌ಸ್ಟೋನಿಯನ್ ಉಪನ್ಯಾಸಗಳು ಈ ವಿಷಯದ ಮೊದಲ ಸಮಗ್ರ ನಿರೂಪಣೆ. ರೋಗಿ ಬದುಕಿರುವಾಗ ಇದನ್ನು ಗುರುತಿಸುವುದು ಎಷ್ಟು ಕಷ್ಟ ಎಂಬುದನ್ನು ಅವರು ಅಲ್ಲಿ ಮರೆಮಾಚದೆ ಹೇಳಿದ್ದರು. ಶವಪರೀಕ್ಷೆಯ ಮೇಜಿನ ಮೇಲೆ ನಿಚ್ಚಳವಾಗಿ ಕಾಣುವುದು ಹಾಸಿಗೆಯ ಪಕ್ಕದಲ್ಲಿ ಕಾಣುತ್ತಿರಲಿಲ್ಲ. ಬೆರಳ ತುದಿಯಲ್ಲಿ ಮೂಡುವ ನೋಯುವ ಗಂಟುಗಳನ್ನು ಆಸ್ಲರ್ 1909ರಲ್ಲಿ ವರ್ಣಿಸಿದರು. ಅವು ಇಂದಿಗೂ ಅವರ ಹೆಸರಿನಲ್ಲಿವೆ.

ಕಣ್ಣು ಕಿವಿಗಳಿಗೆ ಸಿಗದ ರೋಗವನ್ನು ಹಿಡಿಯಲು ಇನ್ನೊಂದು ಮಾರ್ಗ ಬೇಕಾಗಿತ್ತು. ರೋಗಿಯ ರಕ್ತವನ್ನು ತೆಗೆದು, ಸಾರವಿರುವ ದ್ರವದಲ್ಲಿ ಬೆರೆಸಿ, ದೇಹದ ಉಷ್ಣತೆಯಲ್ಲಿ ಕೆಲವು ದಿನ ಇಟ್ಟು, ಏನು ಬೆಳೆಯುತ್ತದೆಂದು ನೋಡುವುದೇ ಆ ಮಾರ್ಗ. ಬ್ಲಡ್ ಕಲ್ಚರ್ ಎಂದು ನಾವು ಇಂದು ಕರೆಯುವುದು ಇದನ್ನೇ. ಇದನ್ನು ಪಳಗಿಸಿದವರಲ್ಲಿ ಪ್ರಮುಖರು ನ್ಯೂಯಾರ್ಕಿನ ಮೌಂಟ್ ಸೈನೈ ಆಸ್ಪತ್ರೆಯ ಇಮ್ಯಾನುಯೆಲ್ ಲಿಬ್ಮನ್. 1911ರ ಫೆಬ್ರವರಿಯಲ್ಲಿ ಅವರಿಗೊಂದು ಕರೆ ಬಂದಿತು. ಪ್ರಸಿದ್ಧ ಸಂಗೀತ ರಚನಕಾರ ಗುಸ್ತಾವ್ ಮಾಲರ್ ಜ್ವರದಲ್ಲಿದ್ದರು; 21ನೆಯ ತಾರೀಖು ಕಾರ್ನೆಗಿ ಹಾಲ್‌ನಲ್ಲಿ ಜ್ವರದ ನಡುವೆಯೇ ತಮ್ಮ ಕೊನೆಯ ಸಂಗೀತ ಕಚೇರಿಯನ್ನು ಅವರು ನಡೆಸಿಕೊಟ್ಟಿದ್ದರು. ಲಿಬ್ಮನ್ ತಮ್ಮ ಕಿರಿಯ ಸಹೋದ್ಯೋಗಿ ಜಾರ್ಜ್ ಬೇರ್ ಅವರನ್ನು ಕರೆಸಿ, ಮಾಲರ್ ತಂಗಿದ್ದಲ್ಲಿಯೇ ರಕ್ತ ತೆಗೆಸಿದರು. ನಾಲ್ಕೈದು ದಿನಗಳಲ್ಲಿ ಸ್ಟ್ರೆಪ್ಟೊಕಾಕಸ್ ಬೆಳೆಯಿತು. ಸತ್ಯವನ್ನೇ ಹೇಳಬೇಕೆಂದು ಮಾಲರ್ ಪಟ್ಟು ಹಿಡಿದರು, ಹೇಳಿದರು. ಆಗ ಅದಕ್ಕೆ ಮದ್ದಿರಲಿಲ್ಲ. ಮೇ 18ರಂದು ವಿಯೆನ್ನಾದಲ್ಲಿ, ತಮ್ಮ 50ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಮದ್ದೇ ಇಲ್ಲದ ಕಾಲದಲ್ಲಿ ವೈದ್ಯರು ರಕ್ತವನ್ನು ಇಷ್ಟು ಶ್ರದ್ಧೆಯಿಂದ ತೆಗೆದರು. ಪರೀಕ್ಷೆಯ ಫಲ ಮರಣದ ವಾರ್ತೆಯೇ ಆಗಿದ್ದರೂ ಅದನ್ನು ತಿಳಿದುಕೊಂಡರು. ಮುಂದೆ ಮದ್ದು ಕೈಗೆ ಬಂದ ಕಾಲದಲ್ಲಿ ಇದೇ ಪರೀಕ್ಷೆಯನ್ನು ಕೈಬಿಡುವ ಅವಸರ ಹುಟ್ಟಿಕೊಂಡಿತು.

ಪೆನಿಸಿಲಿನ್ ಬರುವ ತನಕ ಈ ರೋಗ ಹೆಚ್ಚುಕಡಿಮೆ ಮರಣಶಾಸನವೇ ಆಗಿತ್ತು. ಹಾರ್ವರ್ಡ್‌ನ ವೈದ್ಯಕೀಯ ವಿದ್ಯಾರ್ಥಿ ಆಲ್ಫ್ರೆಡ್ ರೈನ್‌ಹಾರ್ಟ್ ತನ್ನ ತೋಳಿನ ಮೇಲೆ ಮೂಡಿದ ಕೆಂಪು ಚುಕ್ಕೆಗಳನ್ನು ನೋಡಿ ತನ್ನ ರೋಗವನ್ನು ತಾನೇ ಗುರುತಿಸಿ, ಇನ್ನು ಆರು ತಿಂಗಳು ಬದುಕಲಾರೆನೆಂದು ಮನೆಯವರಿಗೆ ಹೇಳಿದ. 1931ರಲ್ಲಿ ಹಾಗೆಯೇ ಆಯಿತು. ರೋಗದ ಪ್ರತಿಯೊಂದು ಹಂತವನ್ನೂ ಆತ ಬರೆದಿಟ್ಟಿದ್ದ. ಅವನ ಗುರುಗಳಾದ ಸೋಮಾ ವೈಸ್ 1942ರಲ್ಲಿ ಅದನ್ನು ಪ್ರಕಟಿಸಿದರು.

ಪೆನಿಸಿಲಿನ್ನಿನ ಕಥೆಯಲ್ಲಿ ಫ್ಲೆಮಿಂಗ್, ಫ್ಲೋರಿ ಮೊದಲಾದವರ ಹೆಸರು ಮನೆಮಾತು. ಮಾರ್ಟಿನ್ ಹೆನ್ರಿ ಡಾಸನ್ ಎಂಬ ಹೆಸರನ್ನು ಕೇಳಿದವರು ಕಡಿಮೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರಾದ ಇವರು, ಆಕ್ಸ್‌ಫರ್ಡ್‌ನವರ ಮೊದಲ ವರದಿಯನ್ನು ಓದಿದ ಕೆಲವೇ ವಾರಗಳಲ್ಲಿ, ಸಹೋದ್ಯೋಗಿಗಳಾದ ಕಾರ್ಲ್ ಮೇಯರ್ ಹಾಗೂ ಗ್ಲ್ಯಾಡಿಸ್ ಹಾಬಿ ಅವರೊಡನೆ ತಮ್ಮ ಪ್ರಯೋಗಾಲಯದಲ್ಲೇ ಬೂಷ್ಟು ಬೆಳೆಸಿ ಪೆನಿಸಿಲಿನ್ ತಯಾರಿಸಿದರು. 1940ರ ಅಕ್ಟೋಬರ್ ನಡುವಿನಲ್ಲಿ ಅದನ್ನು ಚುಚ್ಚಿದ್ದು ಕವಾಟದ ಸೋಂಕಿನ ರೋಗಿಗಳಿಗೆ. ಪ್ರಮಾಣ ತೀರ ಅಲ್ಪವಾಗಿತ್ತು, ಗುಣ ಮಾಡುವಷ್ಟಿರಲಿಲ್ಲ. ಅದೇ ಕಾಲಕ್ಕೆ ಡಾಸನ್ನರಿಗೆ ಸ್ನಾಯುಗಳನ್ನು ಬಲಹೀನಗೊಳಿಸುವ ಮಯಾಸ್ಥೀನಿಯಾ ಗ್ರಾವಿಸ್ ಎಂಬ ರೋಗ ತಗುಲಿತ್ತು. ದಿನೇದಿನೇ ಕುಗ್ಗುತ್ತಿದ್ದರೂ ಈ ರೋಗಿಗಳ ಪರವಾದ ಹಟವನ್ನು ಅವರು ಬಿಡಲಿಲ್ಲ.

ಹಟ ಯಾರೊಡನೆ? ಸಮಿತಿಯೊಡನೆ. ಯುದ್ಧಕಾಲದ ಅಮೆರಿಕದಲ್ಲಿ ಪೆನಿಸಿಲಿನ್ ಸೈನಿಕರಿಗೆ ಮೊದಲು ಸಲ್ಲಬೇಕಾಗಿತ್ತು. ನಾಗರಿಕರಲ್ಲಿ ಯಾರಿಗೆ ಕೊಡಬೇಕು, ಯಾರಿಗೆ ಕೂಡದು ಎಂಬುದನ್ನು ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯೊಂದು ನಿರ್ಧರಿಸುತ್ತಿತ್ತು. ಅದರ ಅಧ್ಯಕ್ಷರು ಬಾಸ್ಟನ್ನಿನ ಚೆಸ್ಟರ್ ಕೀಫರ್. 1943ರಲ್ಲಿ ಆ ಸಮಿತಿ ಪ್ರಕಟಿಸಿದ ಮೊದಲ ದೊಡ್ಡ ವರದಿಯಲ್ಲಿ ಕವಾಟದ ಸೋಂಕಿನವರ ಫಲಿತಾಂಶ ನಿರಾಶಾದಾಯಕವಾಗಿತ್ತು. ಇರುವ ಅಲ್ಪ ಮದ್ದನ್ನು ಇವರ ಮೇಲೆ ವ್ಯಯಿಸುವುದು ಸರಿಯಲ್ಲವೆಂದು ತೀರ್ಮಾನವಾಯಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಕವಾಟದ ಸೋಂಕಿಗೆ ಪೆನಿಸಿಲಿನ್ ಕೊಡಬಾರದು ಎಂಬುದೇ ಆಗಿನ ಮಾರ್ಗಸೂಚಿ. ಕೀಫರ್ ನಿರ್ದಯಿಯಾಗಿದ್ದರೆಂದು ನಾವು ಭಾವಿಸಬೇಕಾಗಿಲ್ಲ. ಕೈಯಲ್ಲಿದ್ದ ಲೆಕ್ಕ ಅದನ್ನೇ ಹೇಳುತ್ತಿತ್ತು. ಆ ಲೆಕ್ಕ ಅಲ್ಪ ಪ್ರಮಾಣದ ಮದ್ದಿನದು, ಅಲ್ಪ ಕಾಲದ ಚಿಕಿತ್ಸೆಯದು ಎಂಬುದು ಮಾತ್ರ ಎಣಿಕೆಗೆ ಬರಲಿಲ್ಲ.

ಬ್ರೂಕ್ಲಿನ್‌ನ ಯಹೂದಿ ಆಸ್ಪತ್ರೆಯ ಲಿಯೊ ಲೊವೆ ಈ ಕಟ್ಟಳೆಯನ್ನು ಮೀರಿದರು. ಅದೇ ಬ್ರೂಕ್ಲಿನ್‌ನಲ್ಲಿ ಕಾರ್ಖಾನೆಯಿದ್ದ ಫೈಜರ್ ಕಂಪನಿಯ ಹಿರಿಯ ಅಧಿಕಾರಿ ಜಾನ್ ಎಲ್. ಸ್ಮಿತ್ ಅವರ ಮನವೊಲಿಸಿ ಪೆನಿಸಿಲಿನ್ ಪಡೆದು, ಅಲ್ಲಿಯವರೆಗೆ ಕೊಡುತ್ತಿದ್ದುದಕ್ಕಿಂತ ಹಲವು ಪಟ್ಟು ಹೆಚ್ಚಾಗಿ, ಹಗಲೂ ರಾತ್ರಿ ಹನಿಹನಿಯಾಗಿ ರಕ್ತನಾಳಕ್ಕೆ ಹರಿಸಿದರು. 1944ರ ಜನವರಿಯಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅವರ ಲೇಖನ ಬಂದಿತು: ಒಬ್ಬರಾದ ಮೇಲೊಬ್ಬರಂತೆ 7 ರೋಗಿಗಳು ಗುಣಹೊಂದಿದ್ದರು. ಸಮಿತಿಯ ನಿಲುವು ಬದಲಾಗಲೇಬೇಕಾಯಿತು. ಡಾಸನ್ನರೂ ತಮ್ಮ ರೋಗಿಗಳು ಬದುಕುಳಿಯುವುದನ್ನು ಕಂಡರು. 1945ರ ಏಪ್ರಿಲ್‌ನಲ್ಲಿ ಅವರು ನಿಧನರಾದರು.

ಈ ಪ್ರಸಂಗವನ್ನು ಕಟ್ಟಳೆ ಮುರಿದ ವೀರನ ಕಥೆಯಾಗಿ ಹೇಳುವುದು ಸುಲಭ, ಹಲವರು ಹಾಗೆಯೇ ಹೇಳಿದ್ದಾರೆ. ಪೂರ್ತಿ ಸಂಗತಿ ಇನ್ನೂ ಸ್ವಾರಸ್ಯಕರ. ಲೊವೆ ಪೆನಿಸಿಲಿನ್ನಿನ ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅನ್ನೂ ಕೊಟ್ಟಿದ್ದರು. ಗಂಟಿನೊಳಗೆ ಮದ್ದು ಇಳಿಯಲು ಅದು ಅವಶ್ಯವೆಂದು ಅವರ ನಂಬಿಕೆ. ಮುಂದಿನ ಅನುಭವದಲ್ಲಿ ಹೆಪಾರಿನ್ ಬೇಕಿಲ್ಲವೆಂದೂ, ಅದರಿಂದ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆಯೆಂದೂ ತಿಳಿಯಿತು. ಎಂದರೆ ಕಟ್ಟಳೆ ಮಾಡಿದವರೂ ಅರ್ಧ ತಪ್ಪಿದ್ದರು, ಮೀರಿದವರೂ ಅರ್ಧ ತಪ್ಪಿದ್ದರು. ಇಬ್ಬರ ತಪ್ಪೂ ಬಯಲಾದದ್ದು ರೋಗಿಗಳ ಲೆಕ್ಕವನ್ನು ಮುಚ್ಚಿಡದೆ ಅಚ್ಚು ಹಾಕಿಸಿದ್ದರಿಂದ.

ಅಧಿಕ ಪ್ರಮಾಣ, ದೀರ್ಘ ಕಾಲ ಎಂಬ ಎರಡು ಪಾಠಗಳು ಅಂದಿನಿಂದ ನಿಂತಿವೆ. ಕವಾಟದ ಮೇಲಿನ ಗಂಟಿನಲ್ಲಿ ರಕ್ತನಾಳಗಳಿಲ್ಲ, ಆದ್ದರಿಂದ ದೇಹದ ಕಾವಲು ಕಣಗಳು ಅಲ್ಲಿಗೆ ತಲುಪಲಾರವು. ಒಳಗೆ ಅಡಗಿದ ಅಸಂಖ್ಯ ಬ್ಯಾಕ್ಟೀರಿಯಾಗಳು ನಿಧಾನವಾಗಿ ವೃದ್ಧಿಯಾಗುತ್ತವೆ. ವೃದ್ಧಿಯಾಗದ ಜೀವಿಯನ್ನು ಪೆನಿಸಿಲಿನ್ ಕೊಲ್ಲುವುದು ಕಷ್ಟ. ಆದುದರಿಂದಲೇ ಸಾಮಾನ್ಯವಾಗಿ 4ರಿಂದ 6 ವಾರಗಳ ಚಿಕಿತ್ಸೆ. ಜ್ವರ ಬಿಟ್ಟಿತೆಂದು ಎರಡನೆಯ ವಾರಕ್ಕೆ ಮನೆಗೆ ಹೊರಟ ರೋಗಿಯಲ್ಲಿ ಸೋಂಕು ಮರುಕಳಿಸುವುದು ಈ ಕಾರಣಕ್ಕೆ.

ರೋಗ ಬಂದ ಮೇಲಿನ ಮಾತು ಇದಾದರೆ, ಬಾರದಂತೆ ತಡೆಯುವ ಮಾರ್ಗಸೂಚಿಯ ಕಥೆ ಇನ್ನೂ ಅಂಕುಡೊಂಕಾದದ್ದು. ಹಲ್ಲು ಕಿತ್ತ ಮೇಲೆ ಬಹು ಮಂದಿಯ ರಕ್ತದಲ್ಲಿ ಸ್ವಲ್ಪ ಹೊತ್ತು ಸ್ಟ್ರೆಪ್ಟೊಕಾಕಸ್ ಕಾಣಿಸಿಕೊಳ್ಳುತ್ತದೆಂದು 1935ರಲ್ಲಿ ಇಂಗ್ಲೆಂಡಿನ ಓಕೆಲ್ ಮತ್ತು ಎಲಿಯಟ್ ತೋರಿಸಿದ್ದರು. ಅದನ್ನು ಆಧರಿಸಿ 1955ರಲ್ಲಿ ಅಮೆರಿಕದ ಹೃದ್ರೋಗ ಸಂಘವು, ಕವಾಟದ ದೋಷವಿದ್ದವರಿಗೆ ಹಲ್ಲಿನ ಚಿಕಿತ್ಸೆಗೆ ಮುನ್ನ ಪೆನಿಸಿಲಿನ್ ಕೊಡಬೇಕೆಂದು ಸೂಚಿಸಿತು. ಅರ್ಧ ಶತಮಾನದ ಕಾಲ ಈ ಸೂಚನೆಯನ್ನು ತಿದ್ದಿ ತಿದ್ದಿ ಬರೆದರು. ಅಷ್ಟರಲ್ಲಿ ಹಲ್ಲುಜ್ಜುವಾಗ, ಊಟ ಅಗಿಯುವಾಗ ಕೂಡ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಸೇರುತ್ತವೆಂದು ತಿಳಿದುಬಂದಿತ್ತು. 2007ರಲ್ಲಿ ಅದೇ ಸಂಘ, ಕೃತಕ ಕವಾಟವಿದ್ದವರು, ಹಿಂದೊಮ್ಮೆ ಈ ಸೋಂಕು ಬಂದವರು, ಕೆಲವು ಬಗೆಯ ಜನ್ಮಜಾತ ಹೃದ್ರೋಗದವರು ಮೊದಲಾದ ಅತ್ಯಧಿಕ ಅಪಾಯದವರಿಗಷ್ಟೇ ಮುಂಜಾಗ್ರತೆಯ ಮದ್ದು ಸಾಕೆಂದಿತು. ಮರು ವರ್ಷ ಇಂಗ್ಲೆಂಡಿನ ನೈಸ್ ಸಂಸ್ಥೆ ಒಂದು ಹೆಜ್ಜೆ ಮುಂದೆ ಹೋಗಿ, ಯಾರಿಗೂ ಬೇಡವೆಂದಿತು.

ದಂತವೈದ್ಯರು ಈ ಕೊನೆಯ ಸೂಚನೆಯನ್ನು ಬಹುಮಟ್ಟಿಗೆ ಪಾಲಿಸಿದರು. ಮುಂಜಾಗ್ರತೆಯ ಚೀಟಿಗಳು ತೀವ್ರವಾಗಿ ಇಳಿದವು. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಅದೇ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ ಕವಾಟದ ಸೋಂಕು ನಿರೀಕ್ಷೆಗಿಂತ ಹೆಚ್ಚಿದೆಯೆಂದು ತೋರಿಸಿತು. ಒಂದರಿಂದಲೇ ಇನ್ನೊಂದು ಆಯಿತೆಂದು ಅದು ಸಾಧಿಸಲಿಲ್ಲ, ಸಾಧಿಸುವಂತೆಯೂ ಇರಲಿಲ್ಲ. ವಾದ ಬೆಳೆಯಿತು. ಕೊನೆಗೆ 2016ರಲ್ಲಿ ನೈಸ್ ತನ್ನ ವಾಕ್ಯಕ್ಕೆ ಒಂದೇ ಒಂದು ಪದವನ್ನು ಸೇರಿಸಿತು: ವಾಡಿಕೆಯಾಗಿ ಕೊಡುವುದು ಬೇಡ ಎಂದಾಯಿತು. ಆ ಒಂದು ಪದ ವೈದ್ಯನಿಗೆ ಸ್ವಂತ ವಿವೇಚನೆಯ ಅವಕಾಶವನ್ನು ಮರಳಿಸಿತು, ಅದರ ಹೊಣೆಯನ್ನೂ ಮರಳಿಸಿತು. ಶಾಸನಗಳ ಒಂದಕ್ಷರದ ಮೇಲೆ ವರ್ಷಗಟ್ಟಲೆ ವಾದಿಸುವ ನಮ್ಮ ವಿದ್ವಾಂಸರಿಗೆ ಇದು ಹೊಸದಾಗಿ ತೋರಲಾರದು.

ಹೀಗೆ ಬದಲಾಗುವ ಸೂಚನೆಗಳನ್ನು ಕಂಡು ಕೆಲವು ವೈದ್ಯರು ತಮ್ಮ ಅನುಭವವನ್ನೇ ನೆಚ್ಚಿಕೊಂಡರೆ ಅದನ್ನು ಉಡಾಫೆಯೆಂದು ತಳ್ಳಿಹಾಕುವಂತಿಲ್ಲ. ಈ ರೋಗ ವಿರಳ. ದೊಡ್ಡ ಪ್ರಯೋಗಗಳನ್ನು ನಡೆಸುವುದು ಕಷ್ಟ. ಮಾರ್ಗಸೂಚಿಯ ಹಲವು ಸಾಲುಗಳು ಇಂದಿಗೂ ತಜ್ಞರ ಒಮ್ಮತದ ಮೇಲೆ ನಿಂತಿವೆ. ಗಂಟು ದೊಡ್ಡದಾಗಿದ್ದವರಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡುವುದೊಳ್ಳೆಯದೆಂದು ತೋರಿಸಿದ 2012ರ ಕೊರಿಯಾದ ಪ್ರಯೋಗದಲ್ಲಿ ಇದ್ದ ರೋಗಿಗಳು 76 ಮಂದಿ ಮಾತ್ರ.

ಆದರೆ ಯಾವ ವಾದಕ್ಕೂ ಒಳಗಾಗದ ಒಂದು ಸಾಲು ಎಲ್ಲ ಮಾರ್ಗಸೂಚಿಗಳಲ್ಲಿಯೂ ಇದೆ. ಕವಾಟದ ಸೋಂಕಿನ ಶಂಕೆಯಿದ್ದರೆ, ಆಂಟಿಬಯಾಟಿಕ್‌ನ ಮೊದಲ ಪ್ರಮಾಣ ಕೊಡುವ ಮುನ್ನ, ಬೇರೆ ಬೇರೆ ಕಡೆ ಚುಚ್ಚಿ ಮೂರು ಸಲ ಕಲ್ಚರ್‌ಗಾಗಿ ರಕ್ತ ತೆಗೆಯಬೇಕು. 1994ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ರೂಪಿಸಿ, 2000ದಲ್ಲಿಯೂ 2023ರಲ್ಲಿಯೂ ತಿದ್ದುಪಡಿಯಾದ ರೋಗನಿರ್ಣಯದ ಮಾನದಂಡಗಳಲ್ಲಿ ಈ ಕಲ್ಚರ್ ಒಂದು ಆಧಾರಸ್ತಂಭ, ಎಕೊ ಪರೀಕ್ಷೆ ಇನ್ನೊಂದು. ಇದಕ್ಕೆ ಬೇಕಾದದ್ದು ಸಿರಿಂಜು, ಸೀಸೆ, ಸ್ವಲ್ಪ ಸಮಯ. ವಿಚಿತ್ರವೆಂದರೆ ಹೆಚ್ಚಾಗಿ ತಪ್ಪುವುದೂ ಇದೇ ಸಾಲು. ಫ್ರಾನ್ಸಿನ ರೋನ್-ಆಲ್ಪ್ ಪ್ರದೇಶದ ವೈದ್ಯರು 1990ರ ದಶಕದಲ್ಲಿ ತಮ್ಮ ಆಸ್ಪತ್ರೆಗಳ ಕಡತಗಳನ್ನೇ ಬಿಚ್ಚಿ ನೋಡಿದಾಗ, ಜ್ವರವೆಂದು ಮೊದಲು ಬಂದ ರೋಗಿಗಳಲ್ಲಿ ಅನೇಕರಿಗೆ ರಕ್ತ ತೆಗೆಯದೆಯೇ ಆಂಟಿಬಯಾಟಿಕ್ ಕೊಟ್ಟದ್ದು ಬೆಳಕಿಗೆ ಬಂದಿತು. ತಮ್ಮ ಲೋಪವನ್ನು ತಾವೇ ಎಣಿಸಿ ಪ್ರಕಟಿಸಿದ ಆ ವೈದ್ಯರನ್ನು ನಾವು ಗೌರವದಿಂದ ನೆನೆಯಬೇಕು.

ಪಾಲನೆಯಿಂದ ಏನು ಲಾಭ ಎಂಬುದಕ್ಕೆ ಅದೇ ದೇಶದ ಮಾರ್ಸೇಲ್ ನಗರ ಉತ್ತರ ಕೊಟ್ಟಿತು. ಅಲ್ಲಿಯ ಹೃದ್ರೋಗ ತಜ್ಞರು, ಸೋಂಕುರೋಗ ತಜ್ಞರು, ಶಸ್ತ್ರಚಿಕಿತ್ಸಕರು ಕೂಡಿ ಕುಳಿತು ಒಂದೇ ಕ್ರಮವನ್ನು ಬರೆದು, 2002ರಿಂದ ಎಲ್ಲರೂ ಅದರಂತೆಯೇ ನಡೆದರು. ಅದಕ್ಕೆ ಮುಂಚಿನ ಹತ್ತು ವರ್ಷಗಳಲ್ಲಿ ಒಂದು ವರ್ಷದೊಳಗೆ ಸಾಯುತ್ತಿದ್ದವರು ನೂರಕ್ಕೆ 18.5, ಆ ಬಳಿಕ 8.2. ಹೊಸ ಔಷಧವೇನೂ ಈ ಅಂತರವನ್ನು ತಂದುಕೊಡಲಿಲ್ಲ. ಗೊತ್ತಿದ್ದುದನ್ನೇ ಕ್ರಮವಾಗಿ ಮಾಡಿದರು. ಯುರೋಪಿನ ಹೃದ್ರೋಗ ಸಂಘವು 2015ರಲ್ಲಿ, ಈ ರೋಗಕ್ಕೆ ಒಬ್ಬ ವೈದ್ಯ ಸಾಲದು, ತಂಡವೇ ಬೇಕೆಂದು ಸೂಚಿಸಿತು. ಆದಾಗ್ಯೂ ಅಂತರ ಪೂರ್ತಿ ತುಂಬಿಲ್ಲ. 2016ರಿಂದ 2018ರವರೆಗೆ 40 ದೇಶಗಳ 3116 ರೋಗಿಗಳನ್ನು ದಾಖಲಿಸಿದ ಯೂರೋ-ಎಂಡೊ ನೋಂದಣಿಯ ಪ್ರಕಾರ, ಶಸ್ತ್ರಚಿಕಿತ್ಸೆ ಅಗತ್ಯವೆಂದು ಮಾರ್ಗಸೂಚಿ ಹೇಳುವವರಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಮಂದಿಗೆ ಅದು ನಡೆಯಲೇ ಇಲ್ಲ. ಕೆಲವರು ಅದನ್ನು ತಾಳಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ ಎಂಬುದನ್ನೂ ಇಲ್ಲಿ ಸೇರಿಸಿ ಹೇಳಬೇಕು.

ನಮ್ಮ ದೇಶದ ಕಡೆಗೆ ಬರೋಣ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ವೈದ್ಯರು 1981ರಿಂದ 1991ರವರೆಗೆ ತಾವು ಕಂಡ ರೋಗಿಗಳ ವಿವರವನ್ನು 1992ರಲ್ಲಿ ಪ್ರಕಟಿಸಿದರು. ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟಗಳೇ ಅಲ್ಲಿ ಮುಖ್ಯ ಹಿನ್ನೆಲೆ. ಸುಮಾರು ಅರ್ಧದಷ್ಟು ರೋಗಿಗಳ ರಕ್ತದಲ್ಲಿ ಏನೂ ಬೆಳೆಯಲಿಲ್ಲ. ಪಾಶ್ಚಾತ್ಯ ಆಸ್ಪತ್ರೆಗಳಲ್ಲಿ ಹಾಗಾಗುವುದು ಹೆಚ್ಚಾಗಿ ಹತ್ತರಲ್ಲಿ ಒಂದರ ಆಸುಪಾಸು. ದೊಡ್ಡ ಆಸ್ಪತ್ರೆಗೆ ಬರುವ ಮೊದಲೇ ಆಂಟಿಬಯಾಟಿಕ್ ನುಂಗಿರುವುದು ಇಂತಹ ಬರಿದಾದ ಕಲ್ಚರ್‌ಗಳಿಗೆ ಪ್ರಧಾನ ಕಾರಣ. ಇಲ್ಲಿ ದೋಷವನ್ನು ವೈದ್ಯರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಚೀಟಿಯಿಲ್ಲದೆ ಮದ್ದಿನಂಗಡಿಯಿಂದ ಮೂರು ದಿನಕ್ಕೆಂದು ಮಾತ್ರೆ ತಂದು, ಜ್ವರ ಇಳಿದೊಡನೆ ಉಳಿದದ್ದನ್ನು ಕಪಾಟಿನಲ್ಲಿ ಇಡುವವರು ನಾವೇ. ಪ್ರಬಲ ಆಂಟಿಬಯಾಟಿಕ್‌ಗಳ ಮಾರಾಟವನ್ನು ದಾಖಲೆಗೊಳಪಡಿಸುವ ಎಚ್1 ಅನುಸೂಚಿ 2014ರ ಮಾರ್ಚ್‌ನಿಂದ ದೇಶದಾದ್ಯಂತ ಜಾರಿಯಲ್ಲಿದೆ. ಕೇರಳ ಸರಕಾರ 2024ರ ಜನವರಿಯಲ್ಲಿ ಆಪರೇಷನ್ ಅಮೃತ್ ಎಂಬ ಹೆಸರಿನಲ್ಲಿ ಮದ್ದಿನಂಗಡಿಗಳ ತಪಾಸಣೆಯನ್ನು ಆರಂಭಿಸಿತು.

ಕೃತಕ ಕವಾಟದ ವಿಷಯದಲ್ಲಿ ನಮ್ಮ ಕರಾವಳಿಗೆ ಒಂದು ಹೆಮ್ಮೆಯ ನಂಟೂ ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ರೂಪುಗೊಂಡ ಚಿತ್ರಾ ಕವಾಟವನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ವಲಿಯತ್ತಾನ್ ಮುಂದೆ ಮಣಿಪಾಲದ ಕುಲಪತಿಯಾಗಿ ಬಂದು ಅಲ್ಲಿಯೇ ನೆಲೆಸಿದರು. ಆಮದಾಗುತ್ತಿದ್ದ ಕವಾಟವನ್ನು ಕೊಳ್ಳಲಾಗದ ಬಡವರಿಗೆ ಚಿತ್ರಾ ಕವಾಟ ಕೈಗೆಟುಕಿತು. ಆದರೆ ಕೃತಕ ಕವಾಟವಿದ್ದವರೇ ಈ ಸೋಂಕಿಗೆ ಅತ್ಯಧಿಕ ಅಪಾಯದಲ್ಲಿರುವವರು. ಅವರ ಸಣ್ಣ ಜ್ವರವೂ ಕಲ್ಚರ್‌ಗೆ ಯೋಗ್ಯವಾದದ್ದು.

ಡೆನ್ಮಾರ್ಕಿನ ವೈದ್ಯರು 400 ರೋಗಿಗಳ ಮೇಲೆ ನಡೆಸಿದ ಪೋಯೆಟ್ ಎಂಬ ಪ್ರಯೋಗದ ಫಲ 2018ರಲ್ಲಿ ಹೊರಬಂದಿತು. ಮೊದಲ ಹತ್ತು ದಿನವಾದರೂ ರಕ್ತನಾಳದ ಮೂಲಕ ಮದ್ದು ಕೊಟ್ಟು, ರೋಗಿ ಸ್ಥಿರವಾದ ಮೇಲೆ ಉಳಿದ ವಾರಗಳಿಗೆ ಮಾತ್ರೆ ಕೊಟ್ಟರೂ ಫಲಿತಾಂಶ ಕೀಳಾಗದು ಎಂದು ಅದು ತೋರಿಸಿತು. 2023ರ ಯುರೋಪಿನ ಮಾರ್ಗಸೂಚಿ ಇದಕ್ಕೆ ಸ್ಥಾನ ಕೊಟ್ಟಿದೆ. ಆರು ವಾರ ಆಸ್ಪತ್ರೆಯಲ್ಲಿ ಕಳೆಯುವುದು ಯಾರಿಗೂ ಹಗುರವಲ್ಲ. ಚಿಕಿತ್ಸೆಗೆಂದು ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ನಮ್ಮವರಿಗೆ ಅದರ ಭಾರ ಇನ್ನೂ ಹೆಚ್ಚು. 2020ರ ಮಾರ್ಚ್‌ನಲ್ಲಿ ಆ ದಾರಿಯೇ ಮುಚ್ಚಿಹೋಗಿ, ರೋಗಿಗಳ ವಾಹನಗಳು ಗಡಿಯಲ್ಲಿ ನಿಂತದ್ದನ್ನು ನಾವು ಕಂಡಿದ್ದೇವೆ. ಇಂತಹವರಿಗೆ ಉಳಿದ ಚಿಕಿತ್ಸೆಯನ್ನು ಮನೆಯಲ್ಲಿ ಮುಗಿಸುವ ಅವಕಾಶ ಸಣ್ಣದಲ್ಲ. ಆದರೆ ಆ ಪ್ರಯೋಗಕ್ಕೆ ಸೇರಿಸಿಕೊಂಡದ್ದು ಯಾವ ಬ್ಯಾಕ್ಟೀರಿಯಾ ಎಂದು ಕಲ್ಚರ್‌ನಲ್ಲಿ ಖಚಿತವಾಗಿದ್ದ ರೋಗಿಗಳನ್ನು ಮಾತ್ರ. ಬ್ಯಾಕ್ಟೀರಿಯಾ ತಿಳಿಯದಿದ್ದರೆ ಮಾತ್ರೆಯನ್ನು ಆರಿಸುವುದು ಹೇಗೆ? ಆಗ ಹಲವು ಮದ್ದುಗಳನ್ನು ಕೂಡಿಸಿ, ಪೂರ್ಣ ಅವಧಿ ರಕ್ತನಾಳದ ಮೂಲಕವೇ ಕೊಡಬೇಕಾಗುತ್ತದೆ.

ಊರಿನ ಚಿಕಿತ್ಸಾಲಯದಿಂದ ಮಂಗಳೂರಿನ ಆಸ್ಪತ್ರೆಗೆ ಹೋಗುವ ರೋಗಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿರುತ್ತದೆ: ಎಕ್ಸ್‌ರೇ, ಇಸಿಜಿ, ಮದ್ದಿನಂಗಡಿಯ ಬಿಲ್ಲು, ಮಡಚಿದ ಎರಡು ಚೀಟಿ. ಅಲ್ಲಿಯ ವೈದ್ಯರು ಅದನ್ನೆಲ್ಲ ಮೇಜಿನ ಮೇಲೆ ಹರಡಿ, ಮೊದಲು ಕೊಟ್ಟ ಮದ್ದು ಯಾವುದು, ಅದಕ್ಕೆ ಮುಂಚೆ ಕಲ್ಚರ್‌ಗೆ ರಕ್ತ ತೆಗೆದಿದ್ದರೇ ಎಂದು ಕೇಳುತ್ತಾರೆ. ರೋಗಿಯ ಜೊತೆಗೆ ಬಂದವರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಮೊದಲ ಮಾತ್ರೆಯ ಹೆಸರು, ದಿನಾಂಕ, ರಕ್ತ ತೆಗೆದ ಗಂಟೆ, ಇಷ್ಟನ್ನು ಆ ಚೀಟಿಯಲ್ಲಿ ಬರೆಯಲು ಎರಡು ಸಾಲು ಸಾಕು.